ದೇವರಾಯನದುರ್ಗ ಒನ್ ಡೇ ಟ್ರೆಕ್ ಪ್ಯಾಕೇಜ್: ಕಾಡಿಗೆ ಫುಲ್ ಮಾರ್ಕ್ಸ್, ಕರ್ಕೊಂಡ್ ಹೋದೋರಿಗೆ ಅರ್ಧ

ಏಪ್ರಿಲ್‌ನಲ್ಲಿ ತುಮಕೂರಿಂದ ಹೋಗಿದ್ವಿ, ಹೆಸ್ರು ಬೇಡ ಬಿಡಿ ಒಂದ್ ಟ್ರೆಕ್ಕಿಂಗ್ ಟೀಮ್ ಜೊತೆ. ಪೋಸ್ಟರಲ್ಲಿ "ನದಿ ದಡದ ಕಾಡು ದಾರಿ" ಅಂತಿತ್ತು. ಜಯಮಂಗಲಿ ನದಿ ಹುಟ್ಟೋದು ಇದೇ ಬೆಟ್ಟದಲ್ಲಿ, ಮುಂದೆ ಹೋಗಿ ಉತ್ತರ ಪಿನಾಕಿನಿ ಸೇರುತ್ತೆ, ಅದೆಲ್ಲಾ ನಿಜಾನೇ, ಆದ್ರೆ ಬೇಸಿಗೇಲಿ ನಮಗ್ ಸಿಕ್ಕಿದ್ದು ಬರೀ ಮರಳು, ಉರುಟು ಕಲ್ಲು, ಒಂದ್ ಗುಂಡೀಲಿ ಪಾದ ಮುಳುಗೋಷ್ಟು ನೀರು, ಅದ್ರಲ್ಲೂ ತರಗೆಲೆ. ಈಜೋಕೆ ಅಂತ ಟವಲ್ ತಂದಿದ್ದ ನಮ್ ಭಾವ ಅದನ್ನ ತಲೆಗೆ ಸುತ್ಕೊಂಡ್ರು.

ತಲೆಗೆ ಒಂದೇ ಲೀಟರ್ ನೀರು ಕೊಟ್ಟಿದ್ರು, 11 ಗಂಟೆಗೇ ಖಾಲಿ. ಕೇಳಿದ್ರೆ ಗೈಡ್ "ಮೇಲೆ ಅಂಗಡಿ ಇದೆ ಸಾರ್" ಅಂತಾನೆ. ಚಿತ್ರಾನ್ನ ತಣ್ಣಗಿತ್ತು, ಅದನ್ನೂ ಕೋತಿ ಒಂದ್ ಪ್ಯಾಕೆಟ್ ಎತ್ಕೊಂಡ್ ಹೋಯ್ತು.

ಆದ್ರೂ ನೆರಳಲ್ಲಿ ನಡ್ಯೋದು ಮಜಾ, ಹೊಂಗೆ ಮರದ ಕೆಳಗೆ ಕೂತ್ರೆ ಏಳೋಕೇ ಮನಸ್ಸಾಗಲ್ಲ. ವಾಪಸ್ ಬರ್ತಾ ನಾಮದ ಚಿಲುಮೆ. ರಾಮ ಹಣೆಗೆ ನಾಮ ಇಟ್ಕೊಳ್ಳೋಕೆ ನೀರಿಲ್ದೆ ಬಾಣ ಬಿಟ್ಟ ಅಂತಾರಲ್ಲ, ಆ ಬಂಡೆ ತೂತಲ್ಲಿ ಮಾತ್ರ ಆ ಬಿಸ್ಲಲ್ಲೂ ತಣ್ಣನೆ ನೀರಿತ್ತು.

ನೀವ್ ಹೋಗೋದಾದ್ರೆ ಮಳೆ ಬಿದ್ಮೇಲೆ ಹೋಗಿ, ಬುತ್ತಿ ಮನೆಯಿಂದಾನೇ ಕಟ್ಕೊಳಿ.