ಹೊಟ್ಟೆಯಲ್ಲೊಂದು, ಮಡಿಲಲ್ಲೊಂದು: ಬಸುರಿ ತಾಯಂದಿರಿಗೆ ವಿಮಾನ ಎಷ್ಟು ಆಗಿಬರುತ್ತದೆ?

ಸೀಮಂತ ಮುಗಿಸಿ ಬಾಣಂತನಕ್ಕೆ ತವರಿಗೆ ಹೊರಡುವ ಹೊತ್ತೂ ಏರ್‌ಲೈನಿನವರು ಡಾಕ್ಟರ್ ಸರ್ಟಿಫಿಕೇಟ್ ಕೇಳುವ ಹೊತ್ತೂ ಹೆಚ್ಚುಕಮ್ಮಿ ಒಂದೇ. ಕೈಯಲ್ಲಿ ಒಂದೂವರೆ ವರ್ಷದ ಮೊದಲ ಕೂಸೂ ಇದ್ದರೆ ಟಿಕೆಟ್ ತೆಗೆಯುವ ಮೊದಲೇ ಯೋಚನೆ ಮಾಡಬೇಕಾದ್ದು ಬಹಳ. ಇಲ್ಲಿ ತೂಗಿ ನೋಡಿರುವುದು ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ದೇಶದೊಳಗೆ ಹಾರುವ ಸೇವೆಯನ್ನು: ಏರ್‌ಬಸ್ 320ರ ಸೀಟು, ಸಣ್ಣ ಊರುಗಳಿಗೆ ಹೋಗುವ ಎಟಿಆರ್ ಎಂಬ ಚಿಕ್ಕ ಪ್ರೊಪೆಲ್ಲರ್ ವಿಮಾನ, ನಿಲ್ದಾಣದ ವೀಲ್‌ಚೇರ್, ಸೆಕ್ಯುರಿಟಿ. ನೆಲದ ಮೇಲಿನ ಸೇವೆ ಬಾಯಿಬಿಟ್ಟು ಕೇಳಿದವರಿಗೆ ಚೆನ್ನಾಗಿಯೇ ಸಿಗುತ್ತದೆ, ಕೇಳದವರಿಗೆ ಇಲ್ಲವೇ ಇಲ್ಲ. ಒಳಗಿನ ಸೀಟು ಮಾತ್ರ ಈ ಮೂರು ಜೀವಕ್ಕೆ ಹೇಳಿ ಮಾಡಿಸಿದ್ದಲ್ಲ.

ಮೊದಲು ಲೆಕ್ಕ. ನಮ್ಮ ಮನೆಗಳಲ್ಲಿ 'ಏಳು ತುಂಬಿ ಎಂಟಕ್ಕೆ ಬಿದ್ದಿದೆ' ಅಂತಾರೆ. ಏರ್‌ಲೈನಿಗೆ ತಿಂಗಳು ಗೊತ್ತಿಲ್ಲ, ವಾರ ಮಾತ್ರ ಗೊತ್ತು. ಎಂಟನೇ ತಿಂಗಳು ಅಂದರೆ 31ನೇ ವಾರವೂ ಆಗಬಹುದು, 34ನೆಯದೂ ಆಗಬಹುದು, ಇವೆರಡರ ನಡುವೆಯೇ ನಿಯಮ ಬದಲಾಗುತ್ತದೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಬರೆದಿರುವ ಡ್ಯೂ ಡೇಟ್ ಹಿಡಿದು ಹಿಂದಕ್ಕೆ ಎಣಿಸಿ: 56 ದಿನ ಹಿಂದೆ ಹೋದರೆ 32 ವಾರ ತುಂಬಿದ ದಿನ, 28 ದಿನ ಹಿಂದೆ ಹೋದರೆ 36 ವಾರ ತುಂಬಿದ ದಿನ. ಡ್ಯೂ ಡೇಟ್ ಜೂನ್ 26 ಇದ್ದರೆ ಮೇ 1 ಮತ್ತು ಮೇ 29. ನಮ್ಮ ದೇಶದ ದೊಡ್ಡ ಏರ್‌ಲೈನುಗಳು ಸಾಮಾನ್ಯವಾಗಿ ಈ ಮೊದಲ ದಿನದವರೆಗೆ ಕಾಗದ ಕೇಳುವುದಿಲ್ಲ. ಅಲ್ಲಿಂದಾಚೆ 'ಫಿಟ್ ಟು ಫ್ಲೈ' ಸರ್ಟಿಫಿಕೇಟ್ ಬೇಕು, ಎರಡನೆಯ ದಿನದ ಆಸುಪಾಸಿಗೆ ಬಾಗಿಲು ಮುಚ್ಚುತ್ತದೆ. ಆ ಕೊನೆಯ ಗಡಿ ಒಂದೊಂದು ಕಂಪನಿಯಲ್ಲಿ ಒಂದೊಂದು ವಾರ ಆಚೀಚೆ ಇರುವುದರಿಂದ ಟಿಕೆಟ್ ತೆಗೆಯುವ ದಿನವೇ ಅವರ ವೆಬ್‌ಸೈಟಿನಲ್ಲಿ ಓದಿಕೊಳ್ಳಿ. ಅವಳಿ ಮಕ್ಕಳಿದ್ದರೆ 32 ವಾರಕ್ಕೇ ಮುಗಿಯಿತು ಅಂದುಕೊಳ್ಳಿ. ವಿದೇಶಿ ಕಂಪನಿಗಳು ಇನ್ನೂ ಬಿಗಿ: ಎಮಿರೇಟ್ಸ್‌ನವರು 29ನೇ ವಾರದಿಂದಲೇ ಕಾಗದ ಕೇಳುತ್ತಾರೆ.

ಸರ್ಟಿಫಿಕೇಟ್ ಇದ್ದೂ ಕೌಂಟರಿನಲ್ಲಿ ತಕರಾರು ಬರುವುದು ಹೆಚ್ಚಾಗಿ ತಾರೀಖಿನಿಂದ. ಹದಿನೈದು ದಿನ ಮೊದಲೇ ಬರೆಸಿಟ್ಟುಕೊಂಡ ಕಾಗದ ನಡೆಯುವುದಿಲ್ಲ, ಪ್ರಯಾಣದ ಹಿಂದಿನ ಮೂರು ದಿನದೊಳಗೆ ಬರೆಸಿದ್ದೇ ಆಗಬೇಕು ಅನ್ನುವುದು ಸಾಮಾನ್ಯ ಷರತ್ತು. ಡಾಕ್ಟರ ಲೆಟರ್‌ಹೆಡ್ಡಿನಲ್ಲಿ ಎಷ್ಟನೇ ವಾರ, ಡ್ಯೂ ಡೇಟ್, ಒಂದೇ ಮಗುವೋ ಅವಳಿಯೋ, ಯಾವ ತಾರೀಖಿನ ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂಬುದು, ಡಾಕ್ಟರ ಕೆಎಂಸಿ (ಕರ್ನಾಟಕ ಮೆಡಿಕಲ್ ಕೌನ್ಸಿಲ್) ರಿಜಿಸ್ಟ್ರೇಷನ್ ನಂಬರು, ಸಹಿ, ಸೀಲು ಎಲ್ಲ ಇರಲಿ. ಬರೀ 'ಅವರು ಆರೋಗ್ಯವಾಗಿದ್ದಾರೆ' ಅಂತ ಎರಡು ಸಾಲು ಗೀಚಿಕೊಟ್ಟರೆ ಉಪಯೋಗವಿಲ್ಲ. ವಾಪಸು ಬರುವ ಟಿಕೆಟೂ ಇದ್ದರೆ ಆ ಊರಿನಲ್ಲಿ ಇನ್ನೊಂದು ಕಾಗದ ಬರೆಸಬೇಕು. ರಕ್ತಸ್ರಾವ ಆಗಿದ್ದರೆ, ಮಾಸು (ಪ್ಲಾಸೆಂಟಾ) ಕೆಳಗಿದ್ದರೆ, ಬಿಪಿ ಏರಿದ್ದರೆ, ರಕ್ತ ತೀರಾ ಕಡಿಮೆಯಿದ್ದರೆ ವಾರ ಎಷ್ಟೇ ಆಗಿರಲಿ, ಡಾಕ್ಟರ ಮಾತೇ ಕೊನೆ. ವಿಮಾನದೊಳಗಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು ತೆಳು; ಆರೋಗ್ಯವಾಗಿರುವ ಬಸುರಿಗೆ ಅದರಿಂದ ಏನೂ ಆಗುವುದಿಲ್ಲ, ರಕ್ತ ಕಡಿಮೆ ಇರುವವರಿಗೆ ತೊಂದರೆಯಾಗಬಹುದು.

ದೊಡ್ಡ ಮಗುವಿನ ವಯಸ್ಸಿನ ದಾಖಲೆಯನ್ನು ಮರೆಯುವವರು ಬಹಳ. ಎರಡು ವರ್ಷ ತುಂಬದ ಕೂಸಿಗೆ ಇನ್‌ಫಂಟ್ ಟಿಕೆಟ್, ಸೀಟಿಲ್ಲ. ಜನನ ಪ್ರಮಾಣಪತ್ರ ಅಥವಾ ಆಧಾರ್ ತೋರಿಸಬೇಕು. ಹೋಗುವಾಗ ಇಪ್ಪತ್ಮೂರು ತಿಂಗಳಿದ್ದು, ಬರುವಷ್ಟರಲ್ಲಿ ಎರಡು ತುಂಬಿದರೆ ವಾಪಸು ಪ್ರಯಾಣಕ್ಕೆ ಪ್ರತ್ಯೇಕ ಸೀಟು ಕೊಳ್ಳಲೇಬೇಕು. ಬಾಣಂತನಕ್ಕೆ ಹೋದವರು ಬರುವುದು ಹೇಗೂ ನಾಲ್ಕೈದು ತಿಂಗಳಾದ ಮೇಲೆ, ಹಾಗಾಗಿ ಇದು ಹಲವರ ತಲೆಗೆ ಬರುವ ಖರ್ಚು.

ಇನ್ನು ಸೀಟು. ಎಲ್ಲ ತಾಪತ್ರಯದ ಮೂಲ ಇದೇ. ತೊಡೆಯ ಮೇಲಿನ ಕೂಸಿಗೆ ಗಗನಸಖಿಯರು ಒಂದು ಕುಣಿಕೆ ಬೆಲ್ಟ್ ತಂದುಕೊಡುತ್ತಾರೆ. ಅದರ ಪಟ್ಟಿಯೊಳಗೆ ದೊಡ್ಡವರ ಬೆಲ್ಟನ್ನು ತೂರಿಸಿ, ಕುಣಿಕೆಯನ್ನು ಮಗುವಿನ ಹೊಟ್ಟೆಗೆ ಸುತ್ತಿ ಬಿಗಿಯಬೇಕು. ಬಸುರಿ ಬೆಲ್ಟ್ ಹಾಕಬೇಕಾದ ಜಾಗವಾದರೋ ಹೊಟ್ಟೆಯ ಕೆಳಗೆ, ತೊಡೆಯ ಸಂದಿಗೆ ಹತ್ತಿ. ಹೊಟ್ಟೆಯ ಮೇಲೆ ಅಡ್ಡ ಹಾಕುವ ಹಾಗಿಲ್ಲ. ಎರಡನ್ನೂ ಸರಿಯಾಗಿ ಮಾಡಿದರೆ ಕೂಸು ಮಂಡಿಯ ಹತ್ತಿರಕ್ಕೆ ಸರಿಯುತ್ತದೆ, ಅದರ ಬೆನ್ನು ತಾಯಿಯ ಹೊಟ್ಟೆಗೆ ಆನುತ್ತದೆ. ಇಳಿಯುವಾಗ ಬ್ರೇಕ್ ಬಿದ್ದರೆ ಕೂಸು ಮುಂದಕ್ಕೆ ಬಾಗಿ ಹಿಂದಕ್ಕೆ ಬಡಿಯುವುದು ಹೊಟ್ಟೆಗೇ. ಬಸುರಿಗೆ ಆರು ತಿಂಗಳು ದಾಟಿದ ಮೇಲೆ ತೊಡೆಯ ಮೇಲೆ ಕೂಸನ್ನು ಕೂರಿಸಿಕೊಂಡು ಒಬ್ಬರೇ ಹೋಗುವುದನ್ನು ನಾವು ಒಪ್ಪುವುದಿಲ್ಲ. ಗಂಡನೋ ಅಮ್ಮನೋ ಜೊತೆಗಿದ್ದರೆ ಟಿಕೆಟ್ ಮಾಡುವಾಗಲೇ ಇನ್‌ಫಂಟನ್ನು ಅವರ ಹೆಸರಿಗೆ ಜೋಡಿಸಿ. ಬುಕಿಂಗ್‌ನಲ್ಲಿ ಮೊದಲು ಬರೆದ ಹೆಸರಿಗೇ ಮಗು ತಾನಾಗಿ ಅಂಟಿಕೊಳ್ಳಬಹುದು, ಆದ್ದರಿಂದ ತಾಯಿಯ ಹೆಸರು ಎರಡನೆಯದಾಗಿರಲಿ. ಒಬ್ಬರೇ ಹೋಗಲೇಬೇಕಾದರೆ ಕೂಸಿಗೂ ಸೀಟು ಕೊಳ್ಳಿ; ಆದರೆ ಎರಡರೊಳಗಿನ ಮಗುವನ್ನು ವಿಮಾನ ಏರುವಾಗ ಇಳಿಯುವಾಗ ಆ ಸೀಟಿನಲ್ಲೇ ಕೂರಿಸಲು ವಿಮಾನಕ್ಕೆ ಒಪ್ಪಿಗೆಯಾದ ಕಾರ್ ಸೀಟ್ ಬೇಕು, ಅದಕ್ಕೆ ಮೊದಲೇ ಫೋನ್ ಮಾಡಿ ಒಪ್ಪಿಸಿಕೊಂಡಿರಬೇಕು. ಅದಿಲ್ಲದಿದ್ದರೆ ಆ ಹೊತ್ತಿಗೆ ಮತ್ತೆ ತೊಡೆಗೇ ಬರುತ್ತದೆ. ಎರಡು ದಾಟಿದ ಮಗುವಿಗೆ ಈ ರಗಳೆಯಿಲ್ಲ.

ಏರ್‌ಬಸ್ 320ರಲ್ಲಿ ಮೂರು ಮೂರು ಸೀಟು. ಜೊತೆಗೊಬ್ಬರಿದ್ದರೆ ಅವರು ಕಿಟಕಿಗೆ, ಮಗು ನಡುವೆ, ಬಸುರಿ ದಾರಿಯ ಬದಿಗೆ. ಮಗುವಿಗೆ ಕಿಟಕಿ ಬೇಕು ಅನ್ನುವ ಹಟಕ್ಕೆ ಸೋಲಬೇಡಿ. ತಾಯಿ ನಡುವಿನ ಸೀಟಿಗೆ ಬಂದರೆ ಅರ್ಧ ಗಂಟೆಗೊಮ್ಮೆ ಟಾಯ್ಲೆಟ್ಟಿಗೆ ಏಳುವಾಗೆಲ್ಲ ಪಕ್ಕದವರನ್ನು ಎಬ್ಬಿಸಬೇಕು. ಮೊದಲ ಸಾಲಿನಲ್ಲಿ ಕಾಲು ಚಾಚಲು ಜಾಗವಿದೆ ಅಂತ ಹೆಚ್ಚು ದುಡ್ಡು ಕೊಡುವುದು ಈ ಜೋಡಿಗೆ ದಂಡ. ಅಲ್ಲಿ ತಟ್ಟೆಹಲಗೆ ತೋಳುಗಂಬದ ಒಳಗಿರುವುದರಿಂದ ತೋಳು ಮೇಲೆತ್ತಲು ಬರುವುದಿಲ್ಲ, ಮಗು ಅಡ್ಡ ಮಲಗಲಾಗದು. ಮುಂದೆ ಸೀಟಿಲ್ಲದ್ದರಿಂದ ಡಯಾಪರ್ ಚೀಲ ಕಾಲಬುಡದಲ್ಲಿಡಲು ಬಿಡುವುದಿಲ್ಲ, ಮೇಲಿನ ಗೂಡಿಗೇ ಹೋಗಬೇಕು. ಏಳು ತಿಂಗಳ ಹೊಟ್ಟೆಗೆ ಯಾವ ಸಾಲಿನಲ್ಲೂ ಆ ಹಲಗೆ ಸಮತಟ್ಟಾಗಿ ಕೂರುವುದಿಲ್ಲ, ಬಿಸಿ ಕಾಫಿ ಇಟ್ಟರೆ ಜಾರುತ್ತದೆ. ಪಕ್ಕದ ಮಗುವಿನ ಹಲಗೆಯನ್ನು ಬಳಸಿ. ತುರ್ತು ಬಾಗಿಲಿನ ಸಾಲು ಬಸುರಿಯರಿಗೂ ಮಕ್ಕಳಿಗೂ ಕೊಡುವುದಿಲ್ಲ. ಹಿಂದಿನ ನಾಲ್ಕೈದು ಸಾಲು ಸಾಮಾನ್ಯವಾಗಿ ಯಾರಿಗೂ ಬೇಡವಾದದ್ದು, ಆದರೆ ಟಾಯ್ಲೆಟ್ ಹತ್ತಿರವಿರುವ ಆ ಸಾಲುಗಳೇ ಇವರಿಗೆ ವಾಸಿ. ಬೆಲ್ಟ್ ಸಾಲದಿದ್ದರೆ ಎಕ್ಸ್‌ಟೆನ್ಷನ್ ಕೇಳಿ, ನಾಚಿಕೆ ಬೇಡ, ಅದಕ್ಕೆ ದುಡ್ಡಿಲ್ಲ.

ವೀಲ್‌ಚೇರ್ ಸೇವೆ ಇಡೀ ವ್ಯವಸ್ಥೆಯಲ್ಲಿ ಅತ್ಯುತ್ತಮ ಭಾಗ, ಅದರ ಗುಟ್ಟು ಒಂದು ಅಕ್ಷರದಲ್ಲಿದೆ. ಬುಕಿಂಗ್‌ನಲ್ಲಿ ಡಬ್ಲ್ಯುಸಿಎಚ್‌ಆರ್ ಅಂತ ಹಾಕಿದರೆ 'ದೂರ ನಡೆಯಲಾರರು, ಮೆಟ್ಟಿಲು ಹತ್ತಬಲ್ಲರು' ಎಂದರ್ಥ. ಡಬ್ಲ್ಯುಸಿಎಚ್‌ಎಸ್ ಅಂದರೆ ಮೆಟ್ಟಿಲೂ ಹತ್ತಲಾರರು. ಬಾಯಲ್ಲಿ ಬರೀ 'ವೀಲ್‌ಚೇರ್' ಅಂದರೆ ಮೊದಲನೆಯದೇ ಬೀಳುವುದು ಹೆಚ್ಚು. ವಿಮಾನ ಬಾಗಿಲಿಗೇ ಬರುವ ಸೇತುವೆಯಾದ ಏರೋಬ್ರಿಜ್‌ಗೆ ನಿಂತಿದ್ದರೆ ವ್ಯತ್ಯಾಸ ಕಾಣುವುದಿಲ್ಲ. ದೂರದ ನಿಲುಗಡೆ ಜಾಗದಲ್ಲಿ ನಿಂತಿದ್ದು ಬಸ್ಸಿನಲ್ಲಿ ಹೋಗಬೇಕಾಗಿ ಬಂದರೆ, 'ಆರ್'ನವರನ್ನು ಏಣಿಯ ಬುಡದಲ್ಲಿ ಇಳಿಸುತ್ತಾರೆ, 'ಎಸ್'ನವರಿಗೆ ಕುರ್ಚಿಯ ಸಮೇತ ವಿಮಾನದ ಬಾಗಿಲಿಗೆ ಎತ್ತುವ ಅಂಬುಲಿಫ್ಟ್ ವಾಹನ ಬರುತ್ತದೆ. ಒಂದು ಕೈ ಕಂಬಿಗೆ, ಇನ್ನೊಂದು ಕೈ ಮಗುವಿಗೆ, ಕಾಲ ಕೆಳಗಿನ ಮೆಟ್ಟಿಲು ಹೊಟ್ಟೆಗೆ ಮರೆ: ಇಂಥವರು ಮೆಟ್ಟಿಲು ಹತ್ತಲಾರರು ಅಂತ ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಪ್ರಯಾಣಕ್ಕೆ 48 ಗಂಟೆ ಮೊದಲೇ ಹೇಳಿ, ಕೌಂಟರಿನಲ್ಲಿ ಯಾವ ಅಕ್ಷರ ಬಿದ್ದಿದೆ ಅಂತ ಕೇಳಿ ನೋಡಿಕೊಳ್ಳಿ.

ಇದರ ಕೊರತೆಯೂ ಒಂದಿದೆ. ತಳ್ಳುವವರು ಒಬ್ಬರೇ, ತಳ್ಳುವುದು ಒಂದೇ ಕುರ್ಚಿ. ಮಗುವಿನ ಸ್ಟ್ರೋಲರ್ ತಳ್ಳಲು ಇನ್ನೊಂದು ಜೊತೆ ಕೈಯಿಲ್ಲ. ಮಗು ತಾಯಿಯ ತೊಡೆಗೇ ಬರುತ್ತದೆ, ಇಲ್ಲವೇ ಪಕ್ಕದಲ್ಲಿ ಓಡುತ್ತದೆ. ಒಬ್ಬರೇ ಹೋಗುವವರು ವೀಲ್‌ಚೇರಿನ ಜೊತೆಗೆ ನಿಲ್ದಾಣದಲ್ಲಿ ಜೊತೆಗಿದ್ದು ನೆರವಾಗುವ 'ಮೀಟ್ ಅಂಡ್ ಅಸಿಸ್ಟ್' ಸೇವೆಯನ್ನೂ ಬರೆಸಿ, ಇನ್ನೊಬ್ಬ ಸಿಬ್ಬಂದಿ ಸಿಗುವ ಸಾಧ್ಯತೆ ಹೆಚ್ಚುತ್ತದೆ. ಎದೆಗೆ ಕಟ್ಟುವ ಬೇಬಿ ಕ್ಯಾರಿಯರ್ ಹೊಟ್ಟೆ ಬಂದಿರುವ ಈ ಸಮಯಕ್ಕೆ ಕೆಲಸಕ್ಕೆ ಬಾರದು, ಮನೆಯಲ್ಲೇ ಬಿಡಿ.

2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಎರಡನೇ ಟರ್ಮಿನಲ್ ಬಿದಿರು, ತೂಗುಗಿಡಗಳಿಂದ ಕಣ್ಣಿಗೆ ಹಬ್ಬ; ಕಾಲಿಗೆ ಹಬ್ಬವಲ್ಲ. ಮೊದಲ ಹಂತವೇ ಎರಡೂವರೆ ಲಕ್ಷ ಚದರ ಮೀಟರ್. ನಡೆಯುತ್ತೇನೆ ಅನ್ನುವವರು ಗೇಟಿಗೆ ಇಪ್ಪತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳಿ. ಇಂಡಿಗೋದಂಥವರು ಹೊರಡುವ 25 ನಿಮಿಷ ಮೊದಲೇ ಗೇಟು ಮುಚ್ಚುತ್ತಾರೆ.

ಸೆಕ್ಯುರಿಟಿಯಲ್ಲಿ ಹೆದರುವಂಥದ್ದೇನಿಲ್ಲ. ಬಾಗಿಲಿನಂಥ ಮೆಟಲ್ ಡಿಟೆಕ್ಟರಿನಲ್ಲೂ ಕೈಯಲ್ಲಿ ಆಡಿಸುವ ಡಿಟೆಕ್ಟರಿನಲ್ಲೂ ಎಕ್ಸ್‌ರೇ ಇಲ್ಲ, ಎಕ್ಸ್‌ರೇ ಚೀಲಕ್ಕೆ ಮಾತ್ರ. ಪರದೆಯ ಗೂಡಿನಲ್ಲಿ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡುತ್ತಾರೆ, ಮಗುವನ್ನು ಜೊತೆಗೇ ಕರೆದುಕೊಂಡು ಹೋಗಬಹುದು. ಸ್ಟ್ರೋಲರ್ ಮಡಚಿ ಬೆಲ್ಟಿಗೆ ಹಾಕಲು ಹೇಳುತ್ತಾರೆ. ಅದರ ಅಡಿಯ ಬುಟ್ಟಿ ಮೊದಲೇ ಖಾಲಿ ಮಾಡಿಟ್ಟುಕೊಂಡಿರಿ, ಸಾಲಿನಲ್ಲಿ ಬಗ್ಗುವ ಕೆಲಸ ತಪ್ಪುತ್ತದೆ. ಮಗುವಿನ ಹಾಲು, ರಾಗಿ ಸರಿ, ಬಿಸಿನೀರಿನ ಫ್ಲಾಸ್ಕ್ ಪ್ರಯಾಣಕ್ಕೆ ಬೇಕಾದಷ್ಟು ಒಯ್ಯಬಹುದು, ತೆರೆದು ತೋರಿಸಿ ಅಂದರೆ ತೋರಿಸಬೇಕು. ಸಿಕ್ಕಿಬೀಳುವುದು ಮಡಿಲು ತುಂಬಿದ ಗಂಟು. ಅಕ್ಕಿ, ಬೆಲ್ಲ, ಅರಿಸಿನದ ಕೊನೆ, ಕಣ, ಬಳೆ ಎಲ್ಲಕ್ಕೂ ದಾರಿಯಿದೆ. ಇಡೀ ತೆಂಗಿನಕಾಯಿ ಕ್ಯಾಬಿನ್ನಿಗೆ ಬಿಡುವುದಿಲ್ಲ. ಕೊಬ್ಬರಿ ಗಿಟಕಿನಲ್ಲಿ ಎಣ್ಣೆ ಹೆಚ್ಚು, ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿದೆ. ಅದನ್ನು ಕೈಚೀಲಕ್ಕೂ ಹಾಕಬೇಡಿ, ಸೂಟ್‌ಕೇಸಿಗೂ ಹಾಕಬೇಡಿ. ಅತ್ತೆಮನೆಯ ಕೊಬ್ಬರಿ ಸೆಕ್ಯುರಿಟಿಯ ಡಬ್ಬಿಗೆ ಬೀಳುವುದನ್ನು ನೋಡುವುದಕ್ಕಿಂತ ಮನೆಯಲ್ಲೇ ಕೊಬ್ಬರಿ ಮಿಠಾಯಿ ಮಾಡಿ ಹಂಚಿ ಬರುವುದು ಮೇಲು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸಿನೀರು ಹಾಕಿ ತಿನ್ನುವ ಡಬ್ಬಿ ಉಪ್ಪಿಟ್ಟಿಗೆ ಉಪ್ಪು ಜಾಸ್ತಿ, ಕಾಲು ಊದಿಕೊಂಡವರಿಗೆ ಬೇಡ. ಇಡ್ಲಿ, ಮೊಸರನ್ನ ಕಟ್ಟಿಕೊಳ್ಳಿ. ಹಿಂದಿನ ರಾತ್ರಿ ಅವರೆಕಾಳು, ಕಡಲೆಕಾಳು ಬೇಡ: ಮೇಲೆ ಹೋದಂತೆ ಹೊಟ್ಟೆಯೊಳಗಿನ ವಾಯು ಹಿಗ್ಗುತ್ತದೆ, ಬಸುರಿಯ ಹೊಟ್ಟೆಯಲ್ಲಿ ಅದಕ್ಕೆ ಜಾಗವೆಲ್ಲಿದೆ? ಗಾಳಿ ಒಣಗಿರುವುದರಿಂದ ಗಂಟೆಗೊಂದು ಲೋಟ ನೀರು. ದೆಹಲಿಯವರೆಗಿನ ಮೂರು ಗಂಟೆಯೊಳಗಿನ ಪ್ರಯಾಣಕ್ಕೆ ಮಧ್ಯೆ ಎದ್ದು ನಡೆದರೆ, ಪಾದ ಮೇಲೆ ಕೆಳಗೆ ಆಡಿಸಿದರೆ ಸಾಕು. ನಾಲ್ಕು ಗಂಟೆ ಮೀರುವ ವಿದೇಶದ ಪ್ರಯಾಣಕ್ಕೆ ಅಳತೆಗೆ ತಕ್ಕ ಕಂಪ್ರೆಷನ್ ಸಾಕ್ಸ್ ಡಾಕ್ಟರನ್ನು ಕೇಳಿ ಹಾಕಿಕೊಳ್ಳಿ, ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಬಸುರಿನಲ್ಲಿ ಹೆಚ್ಚು.

ಮಗುವಿನ ಕಿವಿ ಹೆಚ್ಚಾಗಿ ನೋಯುವುದು ಏರುವಾಗ ಅಲ್ಲ, ಇಳಿಯುವಾಗ. ಇಳಿಯಲು ಅರ್ಧ ಗಂಟೆಯಿದೆ ಅನ್ನುವಾಗಲೇ ಎಬ್ಬಿಸಿ ಸಿಪ್ಪರಿನಲ್ಲಿ ಸ್ವಲ್ಪ ಸ್ವಲ್ಪ ಕುಡಿಸಿ. ನಿದ್ದೆಯಲ್ಲಿ ನುಂಗುವುದು ಕಡಿಮೆಯಾಗಿ ಕಿವಿ ಬಿಡುವುದಿಲ್ಲ. ಏರುವಾಗಲೇ ಬಾಟಲಿ ಪೂರ್ತಿ ಖಾಲಿ ಮಾಡಿದರೆ ಬೇಕಾದಾಗ ಇರುವುದಿಲ್ಲ. ನಿದ್ದೆ ಬರಲೆಂದು ನೆಗಡಿಯ ಔಷಧ ಕುಡಿಸುವ ಚಾಳಿ ಖಂಡಿತ ಬೇಡ.

ಶಿವಮೊಗ್ಗದಂಥ ಊರಿಗೆ ಹಾರುವ ಎಟಿಆರ್ ಈ ವಿಷಯದಲ್ಲಿ ಅಚ್ಚರಿಯ ಹಾಗೆ ಪಾಸು. ಎರಡೆರಡೇ ಸೀಟು, ಹಾಗಾಗಿ ತಾಯಿ ಮಗುವಿನ ಪಕ್ಕ ಮೂರನೆಯವರಿಲ್ಲ. ಹಿಂಬಾಗಿಲಿನ ಮೆಟ್ಟಿಲು ಕೆಲವೇ ಕೆಲವು, ಎತ್ತರವೂ ಕಡಿಮೆ. ಟಾಯ್ಲೆಟ್ ಒಂದೇ, ಇಕ್ಕಟ್ಟು. ಮಗುವಿನ ಡಯಾಪರ್ ಟರ್ಮಿನಲ್ಲಿನಲ್ಲೇ ಬದಲಿಸಿ ಹತ್ತಿ. ಮೇಲಿನ ಗೂಡು ಚಿಕ್ಕದು, ಕ್ಯಾಬಿನ್ ಅಳತೆಯ ಟ್ರಾಲಿಯೂ ಹಿಡಿಯದಿರಬಹುದು. ಸದ್ದು ಜಾಸ್ತಿ, ಪ್ರೊಪೆಲ್ಲರ್ ಸಾಲಿನಿಂದ ದೂರ ಕೂತರೆ ಒಳ್ಳೆಯದು.

ಮೊದಲು ಹತ್ತಿ ಅಂತ ಮಕ್ಕಳಿರುವವರನ್ನು ಕರೆಯುತ್ತಾರೆ. ಇಬ್ಬರಿದ್ದರೆ ಒಬ್ಬರು ಚೀಲದೊಂದಿಗೆ ಮೊದಲು ಹೋಗಿ ಗೂಡು ಹಿಡಿದುಕೊಳ್ಳಲಿ, ಮಗು ಕೊನೆಯಲ್ಲಿ ಬರಲಿ. ಕಟ್ಟಿ ಕೂರಿಸುವ ಹೊತ್ತು ಅಷ್ಟು ಕಡಿಮೆ. ಇಳಿಯುವಾಗ ವೀಲ್‌ಚೇರಿನವರದು ಕೊನೆಯ ಸರದಿ, ಎಲ್ಲರೂ ಹೋದ ಮೇಲೆ ಹತ್ತು ಹದಿನೈದು ನಿಮಿಷ ಕಾಯಬೇಕಾಗಬಹುದು. ಆ ಹೊತ್ತಿಗೆಂದೇ ಒಂದು ಬಿಸ್ಕತ್ತಿನ ಪೊಟ್ಟಣ ಬಚ್ಚಿಟ್ಟುಕೊಂಡಿರಿ. ಸ್ಟ್ರೋಲರಿಗೆ ಗೇಟಿನಲ್ಲಿ ಚೀಟಿ ಕಟ್ಟುವಾಗ ಅದು ವಿಮಾನದ ಬಾಗಿಲಿಗೆ ಬರುತ್ತದೋ ಲಗೇಜ್ ಬೆಲ್ಟಿಗೆ ಬರುತ್ತದೋ ಅಂತ ಕೇಳಿ. ಬೆಲ್ಟಿಗೆ ಅಂದರೆ ಬಾಗಿಲಿನಿಂದ ಅಲ್ಲಿಯವರೆಗೆ ಮಗುವನ್ನು ಎತ್ತಿಕೊಳ್ಳುವವರು ಯಾರು ಅನ್ನುವುದನ್ನು ಹತ್ತುವ ಮೊದಲೇ ತೀರ್ಮಾನಿಸಬೇಕು.