20 ಬಾರ್ ಅಂತ ಬರೆದ ಎಸ್ಪ್ರೆಸೊ ಮಿಷನ್ನಿಗೆ ದುಡ್ಡು ಕಟ್ಟುವ ಮುಂಚೆ

ಮನೆಗೊಂದು ಎಸ್ಪ್ರೆಸೊ ಮಿಷನ್, ಅಂದರೆ ಬಿಸಿನೀರನ್ನು ಒತ್ತಡದಲ್ಲಿ ಪುಡಿಯ ಮೂಲಕ ನೂಕಿ ಗಟ್ಟಿ ಕಾಫಿ ಇಳಿಸುವ ಮಿಷನ್, ತರಬೇಕು ಅಂತ ಫೋನಿನಲ್ಲಿ ಹುಡುಕುತ್ತಾ ಇದ್ದೀರಾ? ದುಡ್ಡು ಕಟ್ಟುವ ಮೊದಲು ಇದನ್ನು ಪೂರ್ತಿ ಓದಿಬಿಡಿ. ನಾವು 16,000 ರೂಪಾಯಿ ಕೊಟ್ಟು ತಂದ ಮಿಷನ್ ಒಂದು ವರ್ಷವೂ ಬಾಳಲಿಲ್ಲ. ವಾರಂಟಿ ಇನ್ನೂ ಇದೆ, ಆದರೆ ಕಂಪನಿಯವರು ರಿಪೇರಿ ಮಾಡಿಕೊಡುವುದಿಲ್ಲ. ಹೆಸರು ಬರೆಯುವುದಿಲ್ಲ. ಬರೆದರೂ ಪ್ರಯೋಜನ ಇಲ್ಲ, ಏಕೆಂದರೆ ಅದೇ ಮಾಲು ನಾಲ್ಕಾರು ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ಮಾರಾಟವಾಗುತ್ತಿದೆ. ಹಾಗಾಗಿ ಹೆಸರಿಗಿಂತ ಲಕ್ಷಣ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಆ ಬಾರ್ ಲೆಕ್ಕ. ಬಾರ್ ಅಂದರೆ ಒತ್ತಡದ ಅಳತೆ. ನಮ್ಮ ಮಿಷನ್ನಿನ ಪೆಟ್ಟಿಗೆ ಮೇಲೆ ಕಂಪನಿ ಹೆಸರಿಗಿಂತ ದಪ್ಪ ಅಕ್ಷರದಲ್ಲಿ '20 ಬಾರ್' ಅಂತ ಇತ್ತು. ಪಕ್ಕದ ಮಾಡೆಲ್ 15 ಬಾರ್, ಬೆಲೆ ಎರಡು ಸಾವಿರ ಕಡಿಮೆ. ಜಾಸ್ತಿ ಇದ್ದರೆ ಜಾಸ್ತಿ ಒಳ್ಳೆಯದು ಅಂತ ಯಾರಿಗಾದರೂ ಅನಿಸುತ್ತೆ ಅಲ್ವಾ? ಮಾರುವವರಿಗೆ ಬೇಕಾಗಿರುವುದೂ ಅದೇ. ನಿಜವಾಗಿ ಎಸ್ಪ್ರೆಸೊಗೆ ಕಾಫಿ ಪುಡಿಯ ಮೇಲೆ ಬೀಳಬೇಕಾದ ಒತ್ತಡ ಸುಮಾರು 9 ಬಾರ್ ಅಷ್ಟೇ. 15, 20 ಅನ್ನುವುದು ಒಳಗಿನ ಪಂಪಿನ ತಾಕತ್ತು. ನೀರು ಮುಂದಕ್ಕೆ ಹೋಗದಂತೆ ಅದರ ಬಾಯಿ ಮುಚ್ಚಿದಾಗ ಅದು ಹೆಚ್ಚೆಂದರೆ ಎಷ್ಟು ಒತ್ತಬಲ್ಲದು ಅನ್ನುವ ಲೆಕ್ಕ. ಒಳ್ಳೆಯ ಮಿಷನ್ನುಗಳಲ್ಲಿ ಹೆಚ್ಚಾದ ಒತ್ತಡವನ್ನು ವಾಪಸ್ ಬಿಡಲು ಒಂದು ವಾಲ್ವ್ ಇರುತ್ತದೆ. ನಮ್ಮದರಲ್ಲಿ ಅದು ಇರಲೇ ಇಲ್ಲ. ಅದು ಗೊತ್ತಾಗಿದ್ದು ಮಿಷನ್ ಬಿಚ್ಚಿಸಿದ ಮೇಲೆ. ಮುಂಭಾಗದಲ್ಲಿ ಗುಂಡಗೆ ಒಂದು ಮೀಟರ್ ಬೇರೆ ಕೂರಿಸಿದ್ದರು. ಮುಳ್ಳು ಚೆನ್ನಾಗಿ ಆಡುತ್ತಿತ್ತು, ಆದರೆ ಸುತ್ತ ಒಂದೂ ಅಂಕಿ ಇರಲಿಲ್ಲ. ಹಸಿರು, ಕೆಂಪು ಬಣ್ಣ ಅಷ್ಟೇ.

ಇದಕ್ಕಿಂತ ಅಗ್ಗದ ಇನ್ನೊಂದು ಜಾತಿ ಇದೆ. ಪಂಪೇ ಇರುವುದಿಲ್ಲ. ಮೇಲ್ಗಡೆ ತಿರುಗಿಸಿ ಮುಚ್ಚುವ ದಪ್ಪ ಮುಚ್ಚಳ, ಕೆಳಗೆ ಒಂದು ಗಾಜಿನ ಜಗ್. ಒಳಗೆ ನೀರು ಕುದ್ದು, ಹಬೆಯ ಒತ್ತಡಕ್ಕೆ ಪುಡಿಯ ಮೂಲಕ ಹೊರಗೆ ಬರುತ್ತದೆ. ಹೆಚ್ಚುಕಡಿಮೆ ನಮ್ಮ ಕುಕ್ಕರಿನ ಹಾಗೆ. ಇದರಲ್ಲಿ ಬಲವಂತ ಮಾಡಿದರೂ ಮೂರು, ಮೂರೂವರೆ ಬಾರ್ ದಾಟುವುದು ಕಷ್ಟ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಪೇಟೆಂಟ್ ಪಡೆದ ಮಿಷನ್ ಕೂಡ ಹಬೆಯ ಒತ್ತಡದ್ದೇ. ಕಾಫಿಯ ಮೇಲೆ ಆ ಗಟ್ಟಿ ಕಂದು ನೊರೆ ಬಂದಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, ಅಕಿಲೆ ಗಾಜ್ಜಿಯಾ ಹಿಡಿಕೆ ಎಳೆದು ಒತ್ತಡ ಕೊಡುವ ಮಿಷನ್ ಮಾರುಕಟ್ಟೆಗೆ ತಂದಾಗ. ಅಂದರೆ ಐದು ಸಾವಿರಕ್ಕೆ ಸಿಗುವ ಹಬೆ ಮಿಷನ್ನಿಗೆ 'ಎಸ್ಪ್ರೆಸೊ' ಅಂತ ಹೆಸರಿಟ್ಟರೂ ಅದರ ಕೆಲಸ ಗಾಜ್ಜಿಯಾಗಿಂತ ಹಿಂದಿನ ಕಾಲದ್ದು. ಅದರ ಬದಲು ಸುಮ್ನೆ ಒಂದು ಮೋಕಾ ಪಾಟ್ ತಗೊಳ್ಳಿ. ಒಲೆ ಮೇಲೆ ಇಡುವಂಥದ್ದು, ಒಳಗೆ ಹೆಚ್ಚಾಗಿ ಕೆಡುವ ಭಾಗ ಅಂದರೆ ರಬ್ಬರ್ ವಾಷರ್ ಒಂದೇ.

ನಮ್ಮ ಕಥೆಗೆ ಬರುತ್ತೇನೆ. ಮಿಷನ್ ಬಂದ ಮೇಲೆ ಕಂಪನಿಯಿಂದ ಒಬ್ಬ ಹುಡುಗ ಡೆಮೊ ಕೊಡಲು ಬಂದ. ಅವನೇ ತಂದ ಪುಡಿ ಹಾಕಿ ಗುಂಡಿ ಒತ್ತಿದ. ಚಿಕ್ಕ ಗ್ಲಾಸಿನಲ್ಲಿ ಮುಕ್ಕಾಲು ಭಾಗ ನೊರೆ. ನಮ್ಮ ಅತ್ತೆ ಬಗ್ಗಿ ನೋಡಿ, "ಇಷ್ಟು ದೊಡ್ಡ ಮಿಷನ್ನಿಗೆ ಇಷ್ಟೇ ಇಷ್ಟು ಕಾಫಿನೇನಪ್ಪಾ?" ಅಂದರು. ಯಜಮಾನರು ಮಾತ್ರ ಆ ನೊರೆ ನೋಡಿ ಖುಷಿಯಾಗಿಬಿಟ್ಟರು. ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೂ ಆಯಿತು.

ಆ ನೊರೆಯ ಗುಟ್ಟು ಹೇಳುತ್ತೇನೆ. ಪುಡಿ ಹಾಕುವ ಸ್ಟೀಲ್ ಬುಟ್ಟಿ ಇರುತ್ತಲ್ಲ, ಅದನ್ನು ತೆಗೆದು ಬೆಳಕಿಗೆ ಹಿಡಿಯಿರಿ. ಒಳಗಿನಿಂದ ನೋಡಿದರೆ ನೂರಾರು ಸಣ್ಣ ತೂತು. ತಿರುಗಿಸಿ ತಳ ನೋಡಿದರೆ ನಡುವೆ ಸೂಜಿಮೊನೆಯಷ್ಟು ಒಂದೇ ಒಂದು ತೂತು. ಅಂದರೆ ತಳ ಎರಡು ಪದರದ್ದು. ಕಾಫಿಯೆಲ್ಲಾ ಆ ಒಂದು ತೂತಿನಲ್ಲಿ ನುಗ್ಗಿ ಚಿಮ್ಮುವುದರಿಂದ ನೊರೆ ಬರುತ್ತದೆ. ಆರು ತಿಂಗಳ ಹಳೇ ಪುಡಿ ಹಾಕಿದರೂ ಬರುತ್ತದೆ. ನಾಲಿಗೆಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಹಾಗಂತ ಇಂಥ ಬುಟ್ಟಿಯೇ ಮೋಸ ಅಂತ ಅಲ್ಲ. ಮನೆಯಲ್ಲಿ ಬೀಜ ಪುಡಿ ಮಾಡಲು ಗ್ರೈಂಡರ್ ಇಲ್ಲದವರಿಗೆ ಅದು ಅನುಕೂಲ. ನೆಟ್ಟಗಿರುವ ಕಂಪನಿಗಳು ಇದರ ಜೊತೆಗೆ ಒಂದೇ ಪದರದ, ಎಲ್ಲಾ ತೂತೂ ತೆರೆದಿರುವ ಬುಟ್ಟಿಯನ್ನೂ ಕೊಡುತ್ತವೆ, ಅಥವಾ ಹೊರಗೆ ಕೊಂಡದ್ದು ಕೂರುತ್ತದೆ. ನಮಗೆ ಕೊಟ್ಟಿದ್ದು ಎರಡು ಪದರದ್ದು ಒಂದೇ. 51 ಮಿಲಿಮೀಟರ್ ಅಂತ ವಿವರದಲ್ಲಿ ಬರೆದಿದ್ದರು. ಅದೇ ಅಳತೆಯ ಬುಟ್ಟಿ ಬೇರೆ ಕಡೆಯಿಂದ ತರಿಸಿದರೆ ಹಿಡಿಕೆಯೊಳಗೆ, ಅಂದರೆ ಬುಟ್ಟಿ ಇಟ್ಟು ಮಿಷನ್ನಿಗೆ ತಿರುಗಿಸಿ ಸಿಕ್ಕಿಸುವ ಹಿಡಿಯೊಳಗೆ, ಕೂರಲೇ ಇಲ್ಲ. ಅಂಚಿನ ಆಕಾರವೇ ಬೇರೆ. ಅಂದರೆ ಬುಟ್ಟಿ ಬೇಕಾದರೆ ಅವರ ಹತ್ತಿರವೇ ಹೋಗಬೇಕು. ಅವರ ಹತ್ತಿರ ಯಾವಾಗ ಕೇಳಿದರೂ ಸ್ಟಾಕ್ ಇಲ್ಲ.

ಡೆಮೊ ಹುಡುಗ ಹೇಳಿದ ಇನ್ನೊಂದು ಮಾತಿನಿಂದ ಅಡುಗೆಮನೆಯಲ್ಲಿ ದೊಡ್ಡ ರಾಮಾಯಣವೇ ಆಯಿತು. "ಯಾವ ಪುಡಿ ಆದ್ರೂ ನಡೆಯುತ್ತೆ ಮೇಡಂ, ನಿಮ್ಮ ಫಿಲ್ಟರ್ ಕಾಫಿ ಪುಡೀನೂ ಹಾಕಬಹುದು" ಅಂದಿದ್ದ. ನಮ್ಮನೆಗೆ ಬರುವುದು ಕಾಲು ಭಾಗ ಚಿಕೋರಿ ಸೇರಿಸಿದ ಪುಡಿ. ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಹೆಚ್ಚುಕಡಿಮೆ ಹಾಗೇ. ಚಿಕೋರಿ ಒದ್ದೆಯಾದರೆ ಅಂಟಂಟಾಗುತ್ತದೆ. ಡಿಕಾಕ್ಷನ್ ಫಿಲ್ಟರಿನಲ್ಲಿ ಅದರಿಂದ ಲಾಭವೇ. ನೀರು ನಿಧಾನವಾಗಿ ಇಳಿದು ಡಿಕಾಕ್ಷನ್ ಗಟ್ಟಿಯಾಗುತ್ತದೆ. ಆದರೆ ಇಲ್ಲಿ ಹಿಂದಿನಿಂದ ಪಂಪ್ ನೂಕುತ್ತಿದೆ, ಕೆಳಗೆ ಇರುವುದು ಒಂದೇ ತೂತು, ನಡುವೆ ಅಂಟು. ಸ್ವಲ್ಪ ದಿನ ನಡೆಯಿತು. ಒಂದು ದಿನ ಮಿಷನ್ನಿನ ಸದ್ದು ಬದಲಾಯಿತು. ಗ್ಲಾಸಿಗೆ ಒಂದು ಹನಿಯೂ ಬೀಳುತ್ತಿಲ್ಲ. ಹಿಡಿಕೆಯ ಅಂಚಿನಿಂದ ಬುಸ್ ಅಂತ ಹಬೆ, ಕಟ್ಟೆ ಮೇಲೆಲ್ಲಾ ಕಂದು ನೀರು. ಸ್ವಿಚ್ ಆರಿಸಿ ಹಿಡಿಕೆ ತಿರುಗಿಸಿದ್ದೇ ತಡ, ಪಟ್ ಅಂತ ಸಿಡಿಯಿತು. ಬಿಸಿ ಚರಟ ಟೈಲ್ಸ್ ಮೇಲೆ, ಮಿಕ್ಸಿ ಮೇಲೆ, ಗೋಡೆಯ ಕ್ಯಾಲೆಂಡರ್ ಮೇಲೆ. ಯಜಮಾನರ ಮುಂಗೈ ಸುಟ್ಟಿತು. ಮುಖಕ್ಕೆ ಹಾರಲಿಲ್ಲ, ಪುಣ್ಯ.

ದಯವಿಟ್ಟು ಇದನ್ನು ನೆನಪಿಡಿ. ಕಾಫಿ ಬರದೆ ಕಟ್ಟಿಕೊಂಡಾಗ ಹಿಡಿಕೆ ತೆಗೆಯಬೇಡಿ. ಸ್ವಿಚ್ ಆರಿಸಿ, ಸ್ಟೀಮ್ ನಳಿಗೆ ತಿರುಗಿಸಿ ಹಬೆ ಬಿಟ್ಟು, ಪೂರ್ತಿ ತಣ್ಣಗಾಗಲು ಬಿಡಿ. ಸ್ಟೀಮ್ ಬಿಟ್ಟ ಮಾತ್ರಕ್ಕೆ ಬುಟ್ಟಿಯೊಳಗಿನ ಒತ್ತಡ ಹೋಯಿತು ಅಂತ ಎಲ್ಲಾ ಮಿಷನ್ನಿನಲ್ಲೂ ನಂಬುವ ಹಾಗಿಲ್ಲ. ಮಕ್ಕಳು ಹತ್ತಿರ ಇರಬಾರದು.

ಪುಡಿಗೆ ಇಲ್ಲಿ ಬರವಿಲ್ಲ. ಚಿಕ್ಕಮಗಳೂರು, ಕೊಡಗು, ಹಾಸನದಲ್ಲಿ ಬೆಳೆದದ್ದು ಮನೆ ಬಾಗಿಲಿಗೇ ಬರುತ್ತದೆ. ಇಟಲಿಯವರೇ ಎಸ್ಪ್ರೆಸೊಗೆ ನಮ್ಮ ಕಡೆಯ ರೊಬಸ್ಟಾ ಕೊಂಡು ಒಯ್ಯುತ್ತಾರೆ. ಅಂಗಡಿಯಲ್ಲಿ "ಚಿಕೋರಿ ಬೇಡ, ಪ್ಯೂರ್ ಕೊಡಿ" ಅಂತ ಬಾಯಿಬಿಟ್ಟು ಹೇಳಬೇಕು ಅಷ್ಟೇ. ಪ್ಯಾಕೆಟ್ ಆದರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಮೇಲೆ ಬರೆದಿರಲೇಬೇಕು, ಅದು ಕಾನೂನು. ಒಂದೇ ಪದರದ ಬುಟ್ಟಿಗಾದರೆ ಫಿಲ್ಟರಿಗೆ ಬೀಸಿದ ಪುಡಿ ಸಾಲದು, ಇನ್ನೂ ನುಣ್ಣಗೆ ಬೇಕು, ಅದೂ ಎಲ್ಲಾ ಒಂದೇ ಸಮ. ಮಿಕ್ಸಿಯಲ್ಲಿ ಅದು ಆಗುವುದಿಲ್ಲ. ಅರ್ಧ ಧೂಳು, ಅರ್ಧ ರವೆ. ಹಲ್ಲಿನ ಚಕ್ರದ ಗ್ರೈಂಡರ್ ಬೇಕು, ಕೈಯಲ್ಲಿ ತಿರುಗಿಸುವುದಾದರೂ ಸರಿ. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡಿನಲ್ಲಿ ಇಳಿದರೆ ಸರಿಯಾಗಿದೆ ಅಂತ ಅರ್ಥ. ಗ್ರೈಂಡರಿನ ಖರ್ಚು ಸೇರಿಸದೆ ಮಿಷನ್ನಿನ ಬಜೆಟ್ ಹಾಕಬೇಡಿ.

ಆದರೆ ನಮ್ಮ ಮಿಷನ್ ಕೊನೆಗೆ ಕೆಟ್ಟಿದ್ದು ಪುಡಿಯಿಂದ ಅಲ್ಲ, ನೀರಿನಿಂದ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾವೇರಿ ನೀರು ಬಂದರೆ ಬಂತು, ಇಲ್ಲದಿದ್ದರೆ ಬೋರ್, ಬೇಸಿಗೆಯಲ್ಲಿ ಟ್ಯಾಂಕರ್. ನಲ್ಲಿ ಬಾಯಿಗೆಲ್ಲಾ ಬಿಳಿ ಪೊರೆ ಕಟ್ಟುವ ನೀರು. ಅದರಲ್ಲಿರುವ ಸುಣ್ಣದ ಅಂಶ ಕಾಯಿಸಿದಾಗೆಲ್ಲಾ ಒಳಗಡೆ ಕೂರುತ್ತದೆ. ಮಿಷನ್ನಿನ ಪುಸ್ತಕದಲ್ಲಿ 'ಆಗಾಗ ಡಿಸ್ಕೇಲ್ ಮಾಡಿ', ಅಂದರೆ ಒಳಗೆ ಕೂತ ಸುಣ್ಣ ಕರಗಿಸಿ ತೆಗೆಯಿರಿ, ಅಂತ ಒಂದೇ ಸಾಲು. ಎಂಥ ನೀರಿಗೆ ಎಷ್ಟು ದಿನಕ್ಕೊಮ್ಮೆ, ಯಾವುದರಿಂದ, ಹೇಗೆ, ಏನೂ ಇಲ್ಲ. 'ನಮ್ಮ ಕಂಪನಿಯ ದ್ರಾವಣವನ್ನೇ ಬಳಸಿ' ಅಂತ ಮಾತ್ರ ಇತ್ತು. ಅದೂ ಸ್ಟಾಕ್ ಇಲ್ಲ. ಕೇಳಿ ಕಳಿಸಿದ ಮೇಲ್‌ಗಳು ಇನ್ನೂ ಇವೆ.

ಕಾಫಿ ಇಳಿಯುವುದು ದಿನದಿಂದ ದಿನಕ್ಕೆ ನಿಧಾನವಾಗುತ್ತಾ ಕೊನೆಗೆ ನಿಂತೇಹೋಯಿತು. ಕಸ್ಟಮರ್ ಕೇರಿನವರು ಮಿಷನ್ ತೆಗೆದುಕೊಂಡು ಹೋದರು. ಹಾಗೇ ವಾಪಸ್ ಬಂತು, ಜೊತೆಗೆ ಒಂದು ಚೀಟಿ: 'ಸ್ಕೇಲಿಂಗ್. ವಾರಂಟಿ ಅನ್ವಯಿಸುವುದಿಲ್ಲ. ಅಂದಾಜು ಖರ್ಚು 7,200.' ಮಾರುವಾಗ ಪುಟದಲ್ಲಿ 'ಎರಡು ವರ್ಷ ಸಂಪೂರ್ಣ ವಾರಂಟಿ' ಅಂತ ಇತ್ತು. ಪೆಟ್ಟಿಗೆಯೊಳಗಿನ ಕಾರ್ಡಿನ ಹಿಂದೆ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, ಬಾಯ್ಲರ್, ರಬ್ಬರ್, ನೀರಿನಿಂದಾದ ಹಾನಿ ಯಾವುದೂ ಸೇರಿಲ್ಲ ಅಂತ ಇತ್ತು. ನೀರು ಹರಿಯುವ ಮಿಷನ್ನಿನಲ್ಲಿ ನೀರಿನಿಂದಾಗುವ ತೊಂದರೆ ಬಿಟ್ಟರೆ ಇನ್ನೇನು ಉಳಿಯಿತು? 7,200 ಕೊಡುತ್ತೇವೆ ಅಂದರೂ ಆಗುತ್ತಿರಲಿಲ್ಲ. "ಪಾರ್ಟ್ ಹೊರಗಡೆಯಿಂದ ಬರಬೇಕು ಮೇಡಂ, ಯಾವಾಗ ಅಂತ ಹೇಳೋಕಾಗಲ್ಲ."

ನಮ್ಮ ರಸ್ತೆಯ ಮಿಕ್ಸಿ ರಿಪೇರಿ ಅಂಗಡಿಯವರು ಬಿಚ್ಚಿ ನೋಡಿದರು. ನೀರು ಕಾಯುವ ಅಲ್ಯೂಮಿನಿಯಂ ತುಂಡಿನ ಬಾಯಿಗೆ ಟಾರ್ಚ್ ಹಿಡಿದು ನನ್ನನ್ನು ಕರೆದು ತೋರಿಸಿದರು. ಒಳದಾರಿ ಬಿಳಿ ಹರಳು ಕಟ್ಟಿ ಮುಚ್ಚಿಹೋಗಿತ್ತು. ಕಡ್ಡಿ ತೂರಿಸಿದರೂ ಹೋಗುತ್ತಿಲ್ಲ. "ಗೀಸರ್ ಆಗಿದ್ರೆ ಕಾಯಿಲ್ ಬದಲಾಯಿಸಿ ಕೊಡ್ತಿದ್ದೆ ಮೇಡಂ. ಇದನ್ನ ಬಿಚ್ಚೋಕೇ ಜಾಗ ಇಟ್ಟಿಲ್ಲ, ಒತ್ತಿ ಮುಚ್ಚಿಬಿಟ್ಟಿದಾರೆ" ಅಂದರು. ದುಡ್ಡು ತಗೊಳ್ಳಲಿಲ್ಲ.

ಬೋರ್ ನೀರಿನ ಮನೆಯವರು ನೇರ ನಲ್ಲಿ ನೀರು ಹಾಕಲೇಬೇಡಿ. ಹಾಗಂತ ಬರೀ ಆರ್‌ಓ ನೀರೂ ಅಷ್ಟು ಒಳ್ಳೆಯದಲ್ಲ. ಲವಣ ತೀರಾ ಕಡಿಮೆ ಇದ್ದರೆ ರುಚಿ ಸಪ್ಪೆ, ಕೆಲವು ಮಿಷನ್ನುಗಳ ಸೆನ್ಸರಿಗೆ ಟ್ಯಾಂಕಿನಲ್ಲಿ ನೀರಿದೆ ಅನ್ನುವುದೇ ತಿಳಿಯುವುದಿಲ್ಲ. ನಮ್ಮ ಪಕ್ಕದ ಮನೆಯವರು ಆರ್‌ಓ ನೀರಿಗೆ ಸ್ವಲ್ಪ ಕಾವೇರಿ ನೀರು ಬೆರೆಸಿ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ 100ರಿಂದ 150ರ ಒಳಗೆ ಇಟ್ಟುಕೊಳ್ಳುತ್ತಾರೆ. ಅವರ ಮಿಷನ್ ಗಟ್ಟಿಮುಟ್ಟಾಗಿದೆ. ಆಗಾಗ ತೆಳುವಾಗಿ ಕರಗಿಸಿದ ಸಿಟ್ರಿಕ್ ಆಸಿಡ್ ಹರಿಸಿ, ಆಮೇಲೆ ಬರೀ ನೀರು ಬಿಟ್ಟು ತೊಳೆಯುತ್ತಾರೆ.

ಅಮೆರಿಕದಿಂದ ಯಾರಾದರೂ ಬರುವಾಗ ತರಿಸೋಣ ಅನ್ನುವವರಿಗೂ ಒಂದು ಮಾತು. ಅಲ್ಲಿಯದು 120 ವೋಲ್ಟ್, ನಮ್ಮದು 230. ಪ್ಲಗ್ ಬದಲಾಯಿಸಿ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಬೇಕೆಂದರೆ ಸಾವಿರದೈನೂರು ವ್ಯಾಟ್ ತಡೆಯುವಂಥದ್ದು ಬೇಕು, ಅದು ಮಿಷನ್ನಿಗಿಂತ ಭಾರ. ವಾರಂಟಿ ಇಲ್ಲಿ ನಡೆಯದು ಅನ್ನುವುದಂತೂ ಇದ್ದೇ ಇದೆ.

ದೂರು ಕೊಟ್ಟ ಕಥೆ ಚಿಕ್ಕದಾಗಿ. ಆನ್‌ಲೈನ್ ಮಾರಾಟಕ್ಕೆ 2020ರ ನಿಯಮ ಇದೆ. ಮಾರುವ ತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ನಮಗೆ ಬಂದ ಪರಿಹಾರ 1,500 ರೂಪಾಯಿಯ ಕೂಪನ್, ಅದೂ ಅವರಲ್ಲೇ ಮತ್ತೆ ಕೊಳ್ಳಲು. ಪೆಟ್ಟಿಗೆ ಮೇಲಿದ್ದ ಆಮದುದಾರರ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್ ಕಳಿಸಿದೆವು. 'ಲೆಫ್ಟ್', ಅಂದರೆ ಜಾಗ ಬಿಟ್ಟು ಹೋಗಿದ್ದಾರೆ, ಅಂತ ಪೋಸ್ಟ್‌ಮ್ಯಾನ್ ಕೈಬರಹದೊಂದಿಗೆ ಲಕೋಟೆ ವಾಪಸ್ ಬಂತು. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಕಾಗದ ಪತ್ರ ಜೋಡಿಸುತ್ತಿದ್ದೇವೆ. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕ ಇಲ್ಲ. ನಮ್ಮ ಕೈಯಲ್ಲಿ ಗಟ್ಟಿ ಸಾಕ್ಷಿ ಅಂದರೆ ಕೊಂಡ ದಿನ ಯಜಮಾನರು ತೆಗೆದಿಟ್ಟ ಸ್ಕ್ರೀನ್‌ಶಾಟ್. ಏಕೆಂದರೆ ಈಗ ಅದೇ ಪುಟದಲ್ಲಿ 'ಸಂಪೂರ್ಣ' ಅನ್ನುವ ಪದವೇ ಇಲ್ಲ, ಎರಡು ವರ್ಷ ಒಂದು ವರ್ಷ ಆಗಿದೆ. ನೀವೂ ದುಡ್ಡು ಕಟ್ಟುವ ದಿನವೇ ಪುಟ ಪೂರ್ತಿ ಸ್ಕ್ರೀನ್‌ಶಾಟ್ ತೆಗೆದಿಡಿ.

ಇನ್ನೊಂದು ಕೆಲಸ ಮಾಡಿ. ಆರ್ಡರ್ ಹಾಕುವ ಮುಂಚೆ ಕಸ್ಟಮರ್ ಕೇರಿಗೆ ಫೋನ್ ಮಾಡಿ, "ಈ ಮಾಡೆಲ್ಲಿನ ಗ್ಯಾಸ್ಕೆಟ್ ಎಷ್ಟು ರೂಪಾಯಿ, ಎಷ್ಟು ದಿನದಲ್ಲಿ ಕಳಿಸ್ತೀರಾ, ಬೋರ್ ನೀರಿನಿಂದ ಕೆಟ್ಟರೆ ವಾರಂಟಿ ಇದೆಯಾ?" ಅಂತ ಕೇಳಿ. ಗ್ಯಾಸ್ಕೆಟ್ ಎಲ್ಲಾ ಮಿಷನ್ನಿನಲ್ಲೂ ಸವೆಯುವ ಅಗ್ಗದ ರಬ್ಬರ್ ಬಳೆ. ಅದರ ಬೆಲೆಯೇ ಅವರಿಗೆ ಗೊತ್ತಿಲ್ಲ ಅಂದರೆ ಪಂಪ್, ಬಾಯ್ಲರ್ ಕೇಳುವುದೇ ಬೇಡ, ಫೋನ್ ಇಟ್ಟುಬಿಡಿ. ಉತ್ತರವನ್ನು ಮೇಲ್‌ನಲ್ಲಿ ಕಳಿಸಲು ಹೇಳಿ. ದಿನಾ ಕುಡಿಯುವುದು ಹಾಲು ಹಾಕಿದ ಕಾಫಿಯೇ ಆಗಿದ್ದರೆ, ನನ್ನನ್ನು ಕೇಳಿದರೆ, ಸ್ಟೀಲ್ ಫಿಲ್ಟರೇ ಸಾಕು. ಬರೀ ಎಸ್ಪ್ರೆಸೊ ರುಚಿ ಹತ್ತಿದವರು ಮಾತ್ರ ಈ ತಾಪತ್ರಯಕ್ಕೆ ಕೈಹಾಕಿ.

ನಮ್ಮಂಥದ್ದೇ ಮಿಷನ್ ಈಗ ಹೊಸ ಹೆಸರಿನಲ್ಲಿ, ತಿಳಿಹಸಿರು ಬಣ್ಣದಲ್ಲಿ ಹಬ್ಬದ ಆಫರಿಗೆ ಬಂದಿದೆ. ಫೋಟೋ ದೊಡ್ಡದು ಮಾಡಿ ನೋಡಿ: ಹಿಂಬದಿಯಲ್ಲಿ ನೀರಿನ ಟ್ಯಾಂಕ್, ಅಂಕಿ ಇಲ್ಲದ ಗುಂಡು ಮೀಟರ್, ಹಿಡಿಕೆಯ ಜೊತೆ ಒಂದೇ ಬುಟ್ಟಿ, ಮತ್ತೆ ಅದೇ 20 ಬಾರ್.