ಸ್ಪ್ಯಾನಿಷ್ ಜತೆ ಸೈಕಾಲಜಿ: ಬ್ರಿಟನ್ನಿನ ಜೋಡಿ ಪದವಿ ಕೊಟ್ಟ ಮಾತು ಉಳಿಸಿಕೊಳ್ಳುತ್ತದೆಯೇ?

ಒಂದೇ ಪದವಿಯಲ್ಲಿ ಎರಡು ವಿಷಯ ಓದಿಸುವ ಬ್ರಿಟನ್ನಿನ 'ಜಾಯಿಂಟ್ ಆನರ್ಸ್' ಪದವಿಗಳಲ್ಲಿ ಸ್ಪ್ಯಾನಿಷ್–ಸೈಕಾಲಜಿ ಜೋಡಿಯೂ ಒಂದು. ಇಂಗ್ಲೆಂಡಿನಲ್ಲಿ ಹೊರದೇಶದ ವರ್ಷವೂ ಸೇರಿ ಸಾಮಾನ್ಯವಾಗಿ 4 ವರ್ಷ. ಸ್ಕಾಟ್ಲೆಂಡಿನಲ್ಲಿ ಆನರ್ಸ್ ಪದವಿಯೇ 4 ವರ್ಷದ್ದಾದ್ದರಿಂದ 5. ಕೋರ್ಸ್‌ನ ಉದ್ದೇಶಗಳ ಪುಟದಲ್ಲಿ ಮೂರು ಮಾತು ಕಾಣುತ್ತವೆ: ಸ್ಪ್ಯಾನಿಷ್‌ನಲ್ಲಿ ಸಿ1 (ಯುರೋಪಿನ ಭಾಷಾ ಅಳತೆಯಲ್ಲಿ ಕೊನೆಯಿಂದ ಎರಡನೇ ಮೇಲ್ಮಟ್ಟ) ಆಸುಪಾಸಿನ ಹಿಡಿತ, ಸೈಕಾಲಜಿಯಲ್ಲಿ ಪ್ರಯೋಗ–ಅಂಕಿಅಂಶಗಳ ತರಬೇತಿ, ಎರಡನ್ನೂ ಬೆಸೆಯುವ ನೋಟ. ಮೊದಲೆರಡನ್ನು ಕೋರ್ಸ್ ಬಹುಮಟ್ಟಿಗೆ ನಡೆಸಿಕೊಡುತ್ತದೆ. ಮೂರನೆಯದನ್ನು ವಿದ್ಯಾರ್ಥಿಯ ತಲೆಗೆ ಕಟ್ಟಿ ಸುಮ್ಮನಾಗುತ್ತದೆ. ಎರಡು ವಿಭಾಗ, ಎರಡು ಟೈಮ್‌ಟೇಬಲ್, ಎರಡು ಬಗೆಯ ಮೌಲ್ಯಮಾಪನ. ನಡುವೆ ಓಡಾಡುವವರು ನೀವೊಬ್ಬರೇ.

ವರ್ಷಕ್ಕೆ 120 ಕ್ರೆಡಿಟ್, ಕ್ರೆಡಿಟ್‌ಗೆ 10 ಗಂಟೆ ಓದು ಎಂಬುದು ಅಲ್ಲಿನ ಲೆಕ್ಕ. ಅರ್ಧರ್ಧ ಎಂದರೆ 60–60. ಭಾಷೆಯನ್ನು ಸೊನ್ನೆಯಿಂದ ಶುರು ಮಾಡುವವರಿಗೆ ಈ ಅರ್ಧ ಪಾಲು ಕಾಗದದ ಮೇಲಷ್ಟೇ. ಶಾಲೆಯಲ್ಲಿ ಸ್ಪ್ಯಾನಿಷ್ ಓದಿ ಬಂದವರನ್ನು ಅವರು ಒಂದೆರಡು ವರ್ಷದಲ್ಲಿ ಹಿಡಿಯಬೇಕು, ಹಾಗಾಗಿ ದಿನವೂ ಕ್ರಿಯಾಪದ ಉರು ಹೊಡೆಯದೆ ಗತಿಯಿಲ್ಲ. ಎಡವುವುದು ಹೆಚ್ಚಾಗಿ ಎರಡನೇ ವರ್ಷದಲ್ಲಿ. ಒಂದು ಕಡೆ ಸಬ್‌ಜಂಕ್ಟಿವ್ (ಆಸೆ, ಅನುಮಾನ ಹೇಳುವ ಕ್ರಿಯಾರೂಪ), ಇನ್ನೊಂದು ಕಡೆ ಅನೋವಾ, ರಿಗ್ರೆಷನ್ ಎಂಬ ಅಂಕಿಅಂಶ ವಿಧಾನಗಳು, 'ಆರ್' ಅಥವಾ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್‌ನಲ್ಲಿ ಲ್ಯಾಬ್ ರಿಪೋರ್ಟ್. ಭಾಷೆ ಇಷ್ಟಪಟ್ಟು ಬಂದವರು ಕೈಚೆಲ್ಲುವುದು ಈ ಅಂಕಿಅಂಶದ ಮುಂದೆಯೇ.

ಕನ್ನಡದವರಿಗೆ ಒಂದು ಅನುಕೂಲವಿದೆ. 'ಮೆ ಗುಸ್ತಾ ಎಲ್ ಕಫೆ' ಎಂಬ ವಾಕ್ಯದಲ್ಲಿ ಇಂಗ್ಲಿಷರು ತಿಂಗಳುಗಟ್ಟಲೆ ತಪ್ಪುತ್ತಾರೆ. ನಮಗೆ ಅದು 'ನನಗೆ ಕಾಫಿ ಇಷ್ಟ', ಅಷ್ಟೇ. ಕ್ರಿಯಾಪದವೂ ನಮ್ಮ ಹಾಗೆಯೇ: 'ಹಾಡು ಇಷ್ಟವಾಯಿತು, ಹಾಡುಗಳು ಇಷ್ಟವಾದವು' ಎಂದು ವಸ್ತುವಿನ ಹಿಂದೆ ಹೋಗುತ್ತದೆ, 'ನನಗೆ'ಯ ಹಿಂದೆ ಅಲ್ಲ. ತೊಡಕು ಬೇರೆ ಕಡೆ ಕಾದಿರುತ್ತದೆ. ಮೇಜು ಹೆಣ್ಣು, ಪುಸ್ತಕ ಗಂಡು ಎಂಬುದನ್ನು ಕನ್ನಡದ ನಪುಂಸಕಲಿಂಗದ ಮನಸ್ಸು ಬೇಗ ಒಪ್ಪುವುದಿಲ್ಲ.

ಬೆಸುಗೆ ನಿಜಕ್ಕೂ ಎಲ್ಲಿದೆ ಎಂದರೆ ಇಂಥ ವಾಕ್ಯಗಳಲ್ಲೇ. 'ಸೆ ಮೆ ಕಯೋ ಎಲ್ ವಾಸೊ', ಅಂದರೆ ಲೋಟ ನನ್ನ ಕೈಜಾರಿ ಬಿತ್ತು. ನಾನು ಬೀಳಿಸಿದೆ ಎಂದಲ್ಲ. ಕೇಟ್ಲಿನ್ ಫಾಸಿ ಮತ್ತು ಲೆರಾ ಬೊರೊಡಿಟ್‌ಸ್ಕಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷೆಗೆ ಒಡ್ಡಿತು. ಬೇಕೆಂದೇ ಮಾಡಿದ ಕೆಲಸದ ವಿಡಿಯೊ ತೋರಿಸಿದಾಗ, ಮಾಡಿದವರು ಯಾರೆಂದು ಇಂಗ್ಲಿಷ್, ಸ್ಪ್ಯಾನಿಷ್ ಭಾಷಿಕರಿಬ್ಬರೂ ಸಮನಾಗಿ ನೆನಪಿಟ್ಟರು. ಆಕಸ್ಮಿಕ ಘಟನೆಗಳಲ್ಲಿ ಸ್ಪ್ಯಾನಿಷ್ ಭಾಷಿಕರು ಆ ವ್ಯಕ್ತಿಯನ್ನು ಹೇಳಿದ್ದೂ ಕಡಿಮೆ, ನೆನಪಿಟ್ಟದ್ದೂ ಕಡಿಮೆ. ಈ ಪದವಿಯ ತಿರುಳು ಇಂಥ ಪ್ರಶ್ನೆಯೇ ಆಗಬೇಕಿತ್ತು. ಆದರೆ ಅದಕ್ಕೆಂದೇ ಮೀಸಲಾದ ಮಾಡ್ಯೂಲ್ ಸಿಗುವುದು ಅಪರೂಪ. ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ ನೀವೇ ಕಟ್ಟಿಕೊಳ್ಳಬೇಕು.

ಆ ಪ್ರಾಜೆಕ್ಟ್ ಆಯ್ಕೆಯಲ್ಲೇ ದೊಡ್ಡ ಗುಂಡಿಯಿದೆ. ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಜಿಬಿಸಿ ಅರ್ಹತೆ (ಚಾರ್ಟರ್ಡ್ ಸದಸ್ಯತ್ವಕ್ಕೆ ಬೇಕಾದ ಪದವಿ ಮಟ್ಟದ ಅಡಿಪಾಯ) ಇಲ್ಲದಿದ್ದರೆ ಅಲ್ಲಿ ಮುಂದೆ ಕ್ಲಿನಿಕಲ್ ಡಾಕ್ಟರೇಟ್‌ಗೆ ದಾರಿಯಿಲ್ಲ. ಅದಕ್ಕೆ ಮಾನ್ಯತೆ ಪಡೆದ ಕೋರ್ಸ್, ಕನಿಷ್ಠ ಲೋಯರ್ ಸೆಕೆಂಡ್ (ಎರಡನೇ ದರ್ಜೆಯ ಕೆಳ ಹಂತ) ದರ್ಜೆ, ಜತೆಗೆ ಸೈಕಾಲಜಿಯ ಪ್ರಾಯೋಗಿಕ ಪ್ರಾಜೆಕ್ಟ್ ಪಾಸಾಗಿರುವುದು ಬೇಕು. ಸ್ಪ್ಯಾನಿಷ್ ಸಾಹಿತ್ಯದ ಮೇಲೆ ಪ್ರಬಂಧ ಬರೆದು ಇದನ್ನು ಬಿಟ್ಟರೆ ಅರ್ಹತೆ ಹೋಯಿತು. ಆಮೇಲೆ ಆ ಅರ್ಹತೆ ಗಳಿಸಿಕೊಡುವ ಸುಮಾರು ಒಂದು ವರ್ಷದ ಕನ್ವರ್ಷನ್ ಕೋರ್ಸ್‌ಗೆ ಮತ್ತೆ ಹಣ ಸುರಿಯಬೇಕು. ಕೋರ್ಸ್ ಹೆಸರಿನಲ್ಲಿ ಸೈಕಾಲಜಿ ಇದೆ ಎಂದ ಮಾತ್ರಕ್ಕೆ ಮಾನ್ಯತೆ ಇದೆ ಎಂದಲ್ಲ. ಸೊಸೈಟಿಯ ಪಟ್ಟಿಯಲ್ಲೇ ನೋಡಿಕೊಳ್ಳಿ.

ಹೊರದೇಶದ ವರ್ಷವೇ ಈ ಪದವಿಯ ಅತ್ಯುತ್ತಮ ಭಾಗ, ತಲೆನೋವೂ ಅದೇ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಹೋದರೆ ಅದು ಫ್ರಾಯ್ಡ್ ಹುಟ್ಟುಹಾಕಿದ ಮನೋವಿಶ್ಲೇಷಣೆಯ ಭದ್ರಕೋಟೆ. ಅಲ್ಲಿ 'ವಿಲ್ಲಾ ಫ್ರಾಯ್ಡ್' ಎಂಬ ಅಡ್ಡಹೆಸರಿನ ಬಡಾವಣೆಯೇ ಇದೆ. ಕೇಳಲು ಚೆಂದ, ಆದರೆ ಪ್ರಯೋಗ–ಸಂಖ್ಯೆಗಳ ಬ್ರಿಟಿಷ್ ಪಠ್ಯಕ್ಕೆ ಅದು ಹೊಂದಿಕೊಳ್ಳುವುದು ಕಷ್ಟ. ಸೈಕಾಲಜಿ ಕ್ರೆಡಿಟ್ ಬೇಕಿದ್ದವರು ಮೊದಲೇ ವಿಚಾರಿಸಬೇಕು. ಸ್ಪೇನ್ ಆದರೆ 180 ದಿನ ಮೀರುವ ವಿದ್ಯಾರ್ಥಿ ವೀಸಾಗೆ ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ ಬೇಕು. ಬೆಂಗಳೂರಿನಿಂದ ಹೋದವರಿಗೆ ಭಾರತದ ಪೊಲೀಸ್ ಪತ್ರ, ಬ್ರಿಟನ್ನಿನದು ಎರಡೂ ಬೇಕಾಗಬಹುದು, ಅಪೊಸ್ಟೀಲ್ (ದಾಖಲೆ ಅಸಲಿ ಎಂಬ ಸರ್ಕಾರಿ ಮುದ್ರೆ) ಮತ್ತು ಅಧಿಕೃತ ಸ್ಪ್ಯಾನಿಷ್ ಅನುವಾದದ ಸಮೇತ. ತಿಂಗಳುಗಳ ಮುಂಚೆ ಶುರು ಮಾಡದಿದ್ದರೆ ತರಗತಿ ಶುರುವಾದರೂ ನೀವು ವೀಸಾಗೆ ಕಾಯುತ್ತಲೇ ಇರುತ್ತೀರಿ. ತಲುಪಿದ ಮೇಲೆ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು.

ಊರಿಗೆ ಮರಳಿ ಚಿಕಿತ್ಸೆ ಕೊಡುವ ಯೋಚನೆಯಿದ್ದರೆ ಇದೊಂದೇ ಪದವಿ ಸಾಲದು. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ರಿಹ್ಯಾಬಿಲಿಟೇಷನ್ ಕೌನ್ಸಿಲ್ ನೋಂದಣಿ, ಅದಕ್ಕೊಪ್ಪುವ ಮುಂದಿನ ಓದು ಬೇಕು. ಆಫರ್ ಒಪ್ಪುವ ಮೊದಲು ವಿಭಾಗಕ್ಕೆ ಇಮೇಲ್ ಹಾಕಿ ಮೂರು ಉತ್ತರ ತರಿಸಿಕೊಳ್ಳಿ: ಜೋಡಿ ವಿದ್ಯಾರ್ಥಿಗಳಿಗೂ ಮಾನ್ಯತೆ ಅನ್ವಯಿಸುತ್ತದೆಯೇ, ಹೊರದೇಶದ ವರ್ಷದ ಅಂಕ ಪದವಿ ದರ್ಜೆಗೆ ಸೇರುತ್ತದೆಯೇ, ದ್ವಿಭಾಷಿಕತೆಯ ಪ್ರಾಜೆಕ್ಟ್‌ಗೆ ಮಾರ್ಗದರ್ಶಕರು ಇದ್ದಾರೆಯೇ.